ಇಂಟರ್‌ಲಾಕ್ ಕಿತ್ತು ಹೂತೋಟ: ಇಗರ್ಜಿ ಅಂಗಳದ ಒಂದು ವರ್ಷದ ಲೆಕ್ಕ

ನಾನು ಪ್ಲಂಬರ್. ಮಂಗಳೂರಿನಲ್ಲಿ 22 ವರ್ಷದಿಂದ ಇದೇ ಕೆಲಸ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಕೈಯಿಟ್ಟು ಹೇಳಬಲ್ಲೆ. ಗಿಡದ ವಿಷಯ ಬಂದರೆ ಮಾತ್ರ ಹೆಂಡತಿಯ ಮುಖ ನೋಡುತ್ತೇನೆ. ಹೀಗಿದ್ದೂ ನಮ್ಮ ಇಗರ್ಜಿ (ಚರ್ಚ್) ಅಂಗಳದಲ್ಲಿ ತೋಟ ಮಾಡುವ ಕೆಲಸ ನನ್ನ ತಲೆಗೇ ಬಂತು. ಕಾರಣ ಇಷ್ಟೇ: ಆ ವರ್ಷ ನಮ್ಮ ವಾಳೆಯ (ಇಗರ್ಜಿಯಡಿ ಬರುವ ಮನೆಗಳ ಒಂದು ಗುಂಪು) ಗುರಿಕಾರ, ಅಂದರೆ ಮುಖ್ಯಸ್ಥ, ನಾನು, ಮೀಟಿಂಗಿನಲ್ಲಿ ಬಾಯಿ ತೆರೆದವನೂ ನಾನು. ಗಿರಾಕಿಗಳ ಲೆಕ್ಕ ಬರೆಯುವ ಡೈರಿಯಲ್ಲೇ ತೋಟದ ಲೆಕ್ಕವನ್ನೂ ಬರೆದಿಟ್ಟಿದ್ದೆ. ಅದನ್ನು ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ಇಗರ್ಜಿಯವರೋ ದೇವಸ್ಥಾನದವರೋ ಮಸೀದಿಯವರೋ ಇಂಥ ಕೆಲಸಕ್ಕೆ ಹೊರಟರೆ, ನಾವು ಹಾಳು ಮಾಡಿದ ದುಡ್ಡಾದರೂ ಅವರಿಗೆ ಉಳಿಯಲಿ.

ಸೆಪ್ಟೆಂಬರ್ 2024: ಪ್ಲಾಸ್ಟಿಕ್ ಗುಲಾಬಿ

ಮೊಂತಿ ಹಬ್ಬ ಗೊತ್ತಲ್ವಾ, ಸೆಪ್ಟೆಂಬರ್ 8. ಮೇರಿ ಮಾತೆಯ ಹುಟ್ಟುಹಬ್ಬ, ಜೊತೆಗೆ ತೆನೆ ಹಬ್ಬ. ಅದಕ್ಕೂ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ, ಮಕ್ಕಳು ದಿನಾ ಬುಟ್ಟಿಯಲ್ಲಿ ಹೂ ತಂದು ಬಾಲೆ ಮೇರಿಯ ಮೂರ್ತಿಗೆ ಅರ್ಪಿಸುತ್ತಾರೆ. ನಾವು ಸಣ್ಣವರಿದ್ದಾಗ ಬೆಳಿಗ್ಗೆ ಎದ್ದು ಬೇಲಿ ಬೇಲಿ ಸುತ್ತಿ ಹೂ ಕೊಯ್ಯುತ್ತಿದ್ದೆವು. ಯಾರ ಬೇಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ನಮ್ಮ ವಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫ್ಲ್ಯಾಟಿನಲ್ಲಿ ಇದ್ದಾರೆ. ಬೇಲಿಯೇ ಇಲ್ಲ. ಆ ವರ್ಷ ಮಕ್ಕಳ ಬುಟ್ಟಿಯಲ್ಲಿ ಇದ್ದದ್ದು ಘಟ್ಟದ ಮೇಲಿನಿಂದ ಬಂದ ಸೇವಂತಿಗೆ, ಪ್ಯಾಕೆಟಿಗೆ 100 ರೂಪಾಯಿ. ಒಬ್ಬ ಹುಡುಗ ಮನೆಯ ಶೋಕೇಸಿನಿಂದ ಪ್ಲಾಸ್ಟಿಕ್ ಗುಲಾಬಿ ತಂದಿದ್ದ. ಮೂರ್ತಿಯ ಮುಂದೆ ಇಟ್ಟ, ಪೂಜೆ ಮುಗಿದ ಮೇಲೆ ವಾಪಸು ತೆಗೆದುಕೊಂಡು ಹೋದ. ಮರುದಿನಕ್ಕೂ ಬೇಕಲ್ಲ!

ಅಂಗಳವಿಡೀ ಇಂಟರ್‌ಲಾಕ್ ಸಿಮೆಂಟ್ ಬ್ಲಾಕು ಹಾಸಿ ಆಗಲೇ ಎಂಟು ವರ್ಷ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಅದರ ಮೇಲೆ ಬರಿಗಾಲಲ್ಲಿ ನಡೆದವರಿಗೆ ಗೊತ್ತು. "ಮುಂದಿನ ಮೊಂತಿಗೆ ಹೂ ನಮ್ಮ ಅಂಗಳದಲ್ಲೇ ಆಗಬೇಕು" ಎಂದು ನಾನು ಮೀಟಿಂಗಿನಲ್ಲಿ ಹೇಳಿಬಿಟ್ಟೆ.

12 ಜನವರಿ 2025: ಐದು ಕಾರಿನ ಜಗಳ

ಗೇಟಿನ ಎಡಗಡೆ, ರಸ್ತೆಯ ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ತಾಗಿ 40 ಅಡಿ ಉದ್ದ, 12 ಅಡಿ ಅಗಲದ ಜಾಗ ಗುರುತು ಮಾಡಿದೆವು. ಅಲ್ಲಿ ಭಾನುವಾರ ಐದು ಕಾರು ನಿಲ್ಲುತ್ತವೆ. ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಒಬ್ಬರು ಎದ್ದು ನಿಂತು, "ಪೂಜೆಗೆ ಬರುವವರು ಕಾರನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಿಂದುಗಡೆ ಹಳೆಯ ಹಂಚಿನ ರಾಶಿ, ಮುರಿದ ಬೆಂಚು, ತುಕ್ಕು ಹಿಡಿದ ಶಾಮಿಯಾನದ ಕಂಬ ಎಲ್ಲ ಬಿದ್ದಿದ್ದವು. ಅದನ್ನು ಖಾಲಿ ಮಾಡಿದರೆ ನಾಲ್ಕು ಕಾರು ನಿಲ್ಲುತ್ತದೆ ಎಂದು ಟೇಪು ಹಿಡಿದು ತೋರಿಸಿದೆ. ಐದನೆಯ ಕಾರು ಯಾರದ್ದು ಎಂಬ ಚರ್ಚೆ ಅವತ್ತು ಮುಗಿಯಲಿಲ್ಲ. 25,000 ರೂಪಾಯಿ ಮಂಜೂರಾಯಿತು.

19 ಮತ್ತು 26 ಜನವರಿ: ಕೀಳುವುದು

ಎರಡು ಭಾನುವಾರ, ಎಂಟು ಗಂಟೆಯ ಪೂಜೆ ಮುಗಿದ ಮೇಲೆ. ಸಾಮಾನು: ಎರಡು ಸಬ್ಬಲು, ಒಂದು ದೊಡ್ಡ ಸುತ್ತಿಗೆ, ನಾಲ್ಕು ಹಾರೆ (ಗುದ್ದಲಿ), ಎರಡು ಪಿಕ್ಕಾಸು, ಕಬ್ಬಿಣದ ಬುಟ್ಟಿಗಳು. ಮೊದಲನೇ ಬ್ಲಾಕನ್ನು ಒಡೆದೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಅದು ಬಂದ ಮೇಲೆ ಉಳಿದದ್ದು ಹಲ್ಲು ಕಿತ್ತ ಹಾಗೆ ಒಂದೊಂದಾಗಿ ಬರುತ್ತದೆ. ಒಟ್ಟು 1,700ರ ಹತ್ತಿರ ಬ್ಲಾಕು, ಒಡೆದದ್ದು 90. ಉಳಿದದ್ದನ್ನು ಪಾಗಾರದ ಬದಿ ಜೋಡಿಸಿಟ್ಟೆವು. ಬಿಸಾಡಬೇಡಿ. ಮುಂದೆ ಇದೇ ನಮ್ಮನ್ನು ಉಳಿಸಿತು.

ಬ್ಲಾಕಿನ ಅಡಿಯಲ್ಲಿ ಎರಡು ಇಂಚು ಜಲ್ಲಿ ಪುಡಿ, ಅದರಡಿ ನಾಲ್ಕು ಇಂಚು ರೋಲರ್ ಹೊಡೆದು ಗಟ್ಟಿ ಮಾಡಿದ ಜಲ್ಲಿ. ಅದನ್ನು ತೆಗೆಯುವಷ್ಟರಲ್ಲಿ ಯುವಕರ ಅರ್ಧ ದಂಡು ಕಡಿಮೆಯಾಗಿತ್ತು. ಕ್ರಿಕೆಟ್ ಮ್ಯಾಚ್ ಇತ್ತಂತೆ.

ಫೆಬ್ರವರಿ: ಮುರಕಲ್ಲು, ಮತ್ತು ನನ್ನ ಮೊದಲ ತಪ್ಪು

ಗೇಟಿನ ಬದಿಯಲ್ಲಿ ಎರಡು ಅಡಿ ಮಣ್ಣು ಇತ್ತು. ಇನ್ನೊಂದು ತುದಿಯಲ್ಲಿ 11 ಇಂಚಿಗೇ ಪಿಕ್ಕಾಸು ಟಣ್ಣೆಂದಿತು. ಕೆಳಗೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಹಾಸು. ಕೂಲಿಗೆ ಬಂದ ಅಣ್ಣ ಒಮ್ಮೆ ಹೊಡೆದು ನೋಡಿ, "ಪೊರ್ಬುಲೇ, ಇದಕ್ಕೆ ಬ್ರೇಕರ್ ಬೇಕು" ಎಂದು ಹಾರೆ ಕೆಳಗಿಟ್ಟು ಬೀಡಿ ಹಚ್ಚಿದರು. (ಪೊರ್ಬು ಎಂದರೆ ತುಳುವಿನಲ್ಲಿ ನಮ್ಮಂಥ ಕ್ರೈಸ್ತರನ್ನು ಕರೆಯುವ ಮಾತು.) ಬ್ರೇಕರಿಗೆ ದಿನಕ್ಕೆ 1,800, ಎರಡು ದಿನ. ಇಬ್ಬರು ಆಳು, ನಾಲ್ಕು ದಿನ, ತಲೆಗೆ 950.

ತಪ್ಪು ಮಾಡಿದ್ದು ಇಲ್ಲಿ. ಕಲ್ಲಿನಲ್ಲಿ ಎರಡಡಿ ಅಗಲ, ಎರಡಡಿ ಆಳದ ಹತ್ತು ಗುಂಡಿ ಕೊರೆಸಿದೆ. ತೆಂಗಿನ ಗುಂಡಿ ಹೀಗೇ ಮಾಡುವುದಲ್ವಾ ಎಂಬ ಲೆಕ್ಕ. ಬೇಸಿಗೆಯಲ್ಲಿ ನೋಡಲು ಚೆಂದ ಇತ್ತು. ಗಟ್ಟಿ ಕಲ್ಲಿನಲ್ಲಿ ಕೊರೆದ ಗುಂಡಿ ಮಳೆಗಾಲದಲ್ಲಿ ಕಡಾಯಿ ಆಗುತ್ತದೆ ಎಂದು ನೀರಿನ ಕೆಲಸ ಮಾಡುವ ನನಗೇ ಹೊಳೆಯಲಿಲ್ಲ. ನಾಚಿಕೆಯ ವಿಷಯ. ಜೂನ್ ಎರಡನೇ ವಾರ ಹತ್ತು ಗುಂಡಿಯಲ್ಲೂ ನೀರು ನಿಂತು ಆರು ಕೇಪಳ ಗಿಡ ಬೇರು ಕೊಳೆತು ಸತ್ತವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕೊನೆಗೆ ಗುಂಡಿಯಿಂದ ಗುಂಡಿಗೆ ನಾಲ್ಕು ಇಂಚು ಅಗಲದ ಕಾಲುವೆ ಕೊರೆದು, ಕೊನೆಯ ಗುಂಡಿಯಿಂದ ಚರಂಡಿಗೆ ಪೈಪು ಬಿಟ್ಟೆ. ಗಿಡಗಳನ್ನು ಗುಂಡಿಯಲ್ಲಿ ಅಲ್ಲ, ಮೇಲೆ ಒಂದಡಿ ಎತ್ತರದ ಏರಿ ಮಾಡಿ ನೆಟ್ಟೆವು. ನಮ್ಮ ಕಡೆ ತರಕಾರಿ ಮಾಡುವ ಅಜ್ಜಿಯಂದಿರು ಮಳೆಗಾಲಕ್ಕೆ ಏರಿ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೋಡಿದ್ದು ಯಾಕೆ ಎಂದು ಕೇಳಿರಲಿಲ್ಲ.

ಮಾರ್ಚ್: ಮಣ್ಣು

ಕೆಂಪು ಮಣ್ಣು ನಾಲ್ಕು ಲೋಡು, ಲೋಡಿಗೆ 2,800. ಮೂರು ಒಳ್ಳೆಯದಿತ್ತು. ನಾಲ್ಕನೆಯದ್ದು ಯಾವುದೋ ಹಳೆ ಮನೆ ಕೆಡವಿದ ಜಾಗದ ಮಣ್ಣು. ಗಾರೆ, ಟೈಲ್ಸ್ ಚೂರು, ಗಾಜು, ಒಂದು ಸ್ವಿಚ್‌ಬೋರ್ಡ್ ಕೂಡ ಇತ್ತು. ನಾನು ಆ ದಿನ ಬೇರೆ ಸೈಟಿನಲ್ಲಿದ್ದೆ, ಟಿಪ್ಪರ್ ಬಂದು ಸುರಿದು ಹೋಯಿತು. ಮಣ್ಣು ಇಳಿಸುವಾಗ ನೀವೇ ನಿಂತಿರಬೇಕು, ಫೋನಿನಲ್ಲಿ ಆಗುವ ಕೆಲಸ ಅಲ್ಲ. ಮಕ್ಕಳು ಆಡುವ ಜಾಗದಲ್ಲಿ ಗಾಜು ಬಿಡಲಿಕ್ಕಾಗುತ್ತದಾ? ಜರಡಿ ಹಿಡಿದು ಮೂರು ಸಂಜೆ ಸೋಸಿದೆವು. ಕೊನೆಗೆ ಸಾಕಾಗಿ ಉಳಿದದ್ದನ್ನು ಹಿಂದಿನ ಪಾರ್ಕಿಂಗಿನ ಹೊಂಡಕ್ಕೆ ತುಂಬಿದೆವು.

ಹಟ್ಟಿಗೊಬ್ಬರ 30 ಗೋಣಿ, ಗೋಣಿಗೆ 120. ಸುಡುಮಣ್ಣನ್ನು ನಾವೇ ಮಾಡಿದೆವು, ಒಣಗಿದ ತರಗೆಲೆ ಮಣ್ಣು ಪದರ ಪದರವಾಗಿ ಹಾಕಿ ರಾತ್ರಿಯಿಡೀ ಹೊಗೆಯಾಡಿಸಿ. ಗಿಡಗಳಿಗೆ ಒಳ್ಳೆಯದೇ. ಆದರೆ ಪಕ್ಕದ ಫ್ಲ್ಯಾಟಿನವರು ಒಣಗಲು ಹಾಕಿದ ಬಟ್ಟೆಯೆಲ್ಲ ಹೊಗೆ ವಾಸನೆಯಾಗಿ ಫಾದರಿಗೆ ಫೋನು ಬಂತು. ಪೇಟೆಯಲ್ಲಿ ಇದು ಬೇಡ.

ಅಂಚು ಕಟ್ಟಲು ಹಿಂದಿನ ರಾಶಿಯ ಹಳೆ ಹಂಚು ತಂದೆವು. ಮಾಡಿಗೆ ಶೀಟ್ ಹಾಕುವಾಗ ಇಳಿಸಿದ ಹಂಚುಗಳು. ಅವುಗಳ ಮೇಲಿನ ಪಾಚಿ ತಿಕ್ಕಿದಾಗ ಕೆಲವದರಲ್ಲಿ ಬಾಸೆಲ್ ಮಿಶನ್ ಎಂಬ ಅಚ್ಚು, 1865 ಎಂಬ ಇಸವಿ ಎದ್ದು ಬಂತು. ಅದು ಹಂಚು ಸುಟ್ಟ ವರ್ಷವಲ್ಲ, ಇಲ್ಲಿ ಕಾರ್ಖಾನೆ ಶುರುವಾದ ವರ್ಷ. ಅಚ್ಚಿರುವ 11 ಹಂಚನ್ನು ಗೇಟಿನ ಬದಿಯಲ್ಲಿ ಹೊರಮುಖವಾಗಿ ನಿಲ್ಲಿಸಿದೆ. ಶಾಲೆ ಮಕ್ಕಳು ಬಸ್ಸಿಗೆ ಕಾಯುವಾಗ ಬೆರಳಿಟ್ಟು ಓದುತ್ತಾರೆ.

ಮಾರ್ಚ್ ಕೊನೆ ಮತ್ತು ಏಪ್ರಿಲ್: ಡ್ರಿಪ್ ಎಂಬ ದುಬಾರಿ ಪಾಠ

ಇದು ನನ್ನ ಸ್ವಂತ ಕಸುಬು, ಆದ್ದರಿಂದ ಹೆಚ್ಚು ಮಾನ ಹೋದದ್ದೂ ಇಲ್ಲೇ. ನಳ್ಳಿ ನೀರನ್ನು ತೋಟಕ್ಕೆ ಮುಟ್ಟುವುದಿಲ್ಲ ಎಂದು ಮೊದಲೇ ತೀರ್ಮಾನ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಊರಿಗೆಲ್ಲ ದಿನ ಬಿಟ್ಟು ದಿನ ನೀರು, ಆಗ ಗಿಡಕ್ಕೆ ಹಾಕಿದರೆ ಜನ ಬೈಯುತ್ತಾರೆ, ಬೈಯಲೂ ಬೇಕು. ಇಗರ್ಜಿ ಬಾವಿಯಿಂದ ಮುಕ್ಕಾಲು ಇಂಚಿನ ಪೈಪು ಎಳೆದು, 16 ಎಂ.ಎಂ. ಡ್ರಿಪ್ ಪೈಪು ಹಾಕಿ, ಗಂಟೆಗೆ ನಾಲ್ಕು ಲೀಟರಿನ 70 ಡ್ರಿಪ್ಪರ್ ಚುಚ್ಚಿದೆ. ಡ್ರಿಪ್ಪಿಗೆ ಮಾತ್ರ 2,900. ಫಾದರ್ ಬಂದು ನೋಡಿ ಬೆನ್ನು ತಟ್ಟಿದರು.

ಐದು ವಾರದಲ್ಲಿ 40 ಡ್ರಿಪ್ಪರ್ ನಿಂತುಹೋಯಿತು. ಒಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಒಳಗಿನ ಕೂದಲೆಳೆ ದಾರಿಯಲ್ಲಿ ಕೇಸರಿ ಬಣ್ಣದ ಲೋಳೆ, ಬೆರಳಿಗೆ ಜಾರುವ ಹಾಗೆ. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದಂಶ ಜಾಸ್ತಿ. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟರೆ ಅಡಿಯಲ್ಲಿ ಕೆಂಪು ಗಸಿ ನಿಲ್ಲುವುದು ನನಗೆ ಗೊತ್ತೇ ಇತ್ತು. ಗಿರಾಕಿಗಳ ಮನೆಯಲ್ಲಿ ಗೀಸರ್ ಹಾಳಾದಾಗ ಇದನ್ನೇ ಹೇಳಿ ದುಡ್ಡು ತೆಗೆದುಕೊಂಡಿದ್ದೇನೆ. ಬಿಚ್ಚಿ ಆಸಿಡ್ ನೀರಿನಲ್ಲಿ ತೊಳೆದೆ, ಎರಡು ವಾರ ಓಡಿತು, ಮತ್ತೆ ನಿಂತಿತು. ಎಲ್ಲ ಕಿತ್ತು ಬಿಸಾಡಿದೆ.

ಈಗ ಇರುವುದು: ಒಂದು ಇಂಚಿನ ಪಿವಿಸಿ ಪೈಪು, ಅಡಿಗೊಂದು ತೂತು, ತೂತು 3 ಎಂ.ಎಂ., ಕೆಳಮುಖವಾಗಿ. ಎರಡು ಭಾಗ ಮಾಡಿ ಎರಡು ಬಾಲ್ ವಾಲ್ವ್. ಕೊನೆಯಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ, ವಾರಕ್ಕೊಮ್ಮೆ ಬಿಚ್ಚಿ ಗಸಿ ಹೊರಗೆ ಬಿಡಬೇಕು. ಸಂಜೆ 12 ನಿಮಿಷ ಸಾಕು. ನೋಡಲು ಒರಟು, ಆದರೆ ಕಟ್ಟುವುದಿಲ್ಲ. ಪೈಪು ವಾಲ್ವು ಎಲ್ಲ ಸೇರಿ 4,350. ನನ್ನ ಕೂಲಿ ಬರೆದಿಲ್ಲ.

ಗಿಡದ ಬುಡಕ್ಕೆ ತೆಂಗಿನ ಸಿಪ್ಪೆ ಮಗುಚಿ ಹಾಕಿ ಮೇಲೆ ಮಡಲು ಮುಚ್ಚಿದ್ದರಿಂದ ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ಒಂದು ಎಚ್ಚರಿಕೆ: ಗರಿಗಳ ಭಾನುವಾರ ಮುಗಿದ ಮರುದಿನ ನಮ್ಮ ಹುಡುಗನೊಬ್ಬ ಇಗರ್ಜಿಯಲ್ಲಿ ಉಳಿದಿದ್ದ ಗರಿಗಳನ್ನೂ ತಂದು ಗಿಡದ ಬುಡಕ್ಕೆ ಹಾಕಿದ್ದ. ಅದು ಆಶೀರ್ವದಿಸಿದ ಗರಿ ಮಾರಾಯ್ರೆ, ಮುಂದಿನ ವಿಭೂತಿ ಬುಧವಾರಕ್ಕೆ ಸುಟ್ಟು ಬೂದಿ ಮಾಡಲು ಇಡುವಂಥದ್ದು. ಅಜ್ಜಿಯೊಬ್ಬರು ನೋಡಿ ಕೂಗಿದ ಕೂಗಿಗೆ ಅವನು ಒಂದೊಂದೇ ಆರಿಸಿ ವಾಪಸು ಒಯ್ದ.

ಮೇ: ಗಿಡ ಕೇಳಿದ್ದು, ದಾಸವಾಳ ಸಿಕ್ಕಿದ್ದು

ಪ್ರತಿ ಮನೆಯಿಂದ ಒಂದು ಗಿಡವೋ ಗೆಲ್ಲೋ ತನ್ನಿ ಎಂದು ಪೂಜೆಯ ಕೊನೆಗೆ ಹೇಳಿಸಿದೆವು. 63 ಮನೆಯವರು ತಂದರು. ಅದರಲ್ಲಿ 41 ಕೆಂಪು ದಾಸವಾಳ! ಯಾವ ಗಿಡ ಎಂದು ಹೇಳದೆ ಬರೀ ಗಿಡ ಎಂದದ್ದು ತಪ್ಪು. ಒಂಬತ್ತು ನೆಟ್ಟೆವು, ಉಳಿದದ್ದನ್ನು ಹೆಸರು ಕೇಳದೆ ಗೇಟಿನ ಹೊರಗೆ ಇಟ್ಟೆವು. ಸಂಜೆಯೊಳಗೆ ಖಾಲಿ. ಎರಡನೇ ಸಲ ಪಟ್ಟಿ ಬರೆದು ಅಂಟಿಸಿದೆ: ರಥಪುಷ್ಪ, ಕೇಪಳ, ನಂದಬಟ್ಟಲು, ಶಂಖಪುಷ್ಪ, ಗೌರಿ ಹೂವಿನ ಬೀಜ. ಆಗಸ್ಟ್ ಕೊನೆಗೆ ಮಳೆಯಲ್ಲೂ ಹೂ ಬಿಡುವುದು ಇವೇ ಎಂದು ಹೇಳಿಕೊಟ್ಟದ್ದು ನನ್ನ ಹೆಂಡತಿ. ನಾನು ಮಾತ್ರ ಬುದ್ಧಿವಂತನ ಹಾಗೆ ನರ್ಸರಿಯಿಂದ 60 ಗೊಂಡೆ (ಚೆಂಡು ಹೂ) ಸಸಿ ತಂದೆ, ಒಂದಕ್ಕೆ 12 ರೂಪಾಯಿ. ಜುಲೈ ಮಳೆಗೆ ಎಲ್ಲ ಕೊಳೆತವು. 720 ರೂಪಾಯಿ ಚರಂಡಿಗೆ.

ಉಡುಪಿ ಕಡೆಯ ಶಂಕರಪುರದ ಹತ್ತಿರ ಇರುವ ಅಕ್ಕನ ಮನೆಯಿಂದ ನಾಲ್ಕು ಮಲ್ಲಿಗೆ ಗಿಡ ಬಂತು. ಅಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ನಾಲ್ಕು ಗಿಡದಲ್ಲಿ ಇಲ್ಲಿಯವರೆಗೆ ಆದ ಹೂ 31. ಅಕ್ಕ ಫೋನಿನಲ್ಲಿ ನಗುತ್ತಾಳೆ.

24 ಮೇ: ಮಳೆ ಹೇಳದೆ ಬಂತು

ನಮ್ಮ ಲೆಕ್ಕ ಜೂನ್ 1. ಆ ವರ್ಷ ಕೇರಳಕ್ಕೆ ಮುಂಗಾರು ಬಂದದ್ದು ಮೇ 24ಕ್ಕೆ, ಎಂಟು ದಿನ ಮೊದಲೇ. ನಮ್ಮ ಕರಾವಳಿಗೂ ಹಿಂದಿನಿಂದಲೇ ಬಂತು. ತಿಂಗಳ ಕೊನೆಗೆ ಹೊಡೆದ ಮಳೆಯಂತೂ ಊರಿಗೇ ಗೊತ್ತು. ನಮ್ಮ ತೋಟದಲ್ಲಿ ಆಗ 14 ಇಂಚು ಎತ್ತರದ ಸಡಿಲ ಮಣ್ಣು, ಅದರಲ್ಲಿ ಹಿಂದಿನ ವಾರ ಬಿತ್ತಿದ ಗೌರಿ ಹೂವಿನ ಬೀಜ, ಸುತ್ತ ಬರೀ ಮೂರು ಇಂಚು ಹೂತ ಹಂಚು. ಒಂದೇ ರಾತ್ರಿಯಲ್ಲಿ ಗೇಟಿನ ಬದಿಯ ಹಂಚು ಮಗುಚಿ, ಮಣ್ಣು ಗೇಟಿನಡಿಯಿಂದ ರಸ್ತೆಗೆ, ರಸ್ತೆಯಿಂದ ಎದುರಿನ ಜಿನಸಿ ಅಂಗಡಿಯ ಮೆಟ್ಟಿಲಿಗೆ.

ಬೆಳಿಗ್ಗೆ ಆರೂವರೆಗೆ ನಾವು ನಾಲ್ಕು ಜನ ಪೊರಕೆ, ಬಕೆಟ್ ಹಿಡಿದು ಅಂಗಡಿಯ ಮುಂದೆ ಹೋದೆವು. ಅಂಗಡಿಯ ಬ್ಯಾರಿ ಕಾಕ ಲುಂಗಿ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತಿದ್ದರು. ಬೈಗುಳ ತಿನ್ನಲು ತಯಾರಾಗಿಯೇ ಹೋದದ್ದು. ಅವರು ನಮ್ಮ ಪೊರಕೆ ನೋಡಿ, "ಇದರಲ್ಲಿ ಆಗುವುದಿಲ್ಲ, ಹಾರೆ ತನ್ನಿ" ಎಂದರು. ತೊಳೆದು ಮುಗಿಯುವಾಗ ಒಂಬತ್ತು ಗಂಟೆ. 20 ವರ್ಷದಿಂದ ಎದುರುಬದುರು ಇದ್ದೇವೆ, ಅವರ ಅಂಗಡಿಯೊಳಗೆ ಕೂತು ಚಾ ಕುಡಿದದ್ದು ಅವತ್ತೇ ಮೊದಲು.

ರಿಪೇರಿ: ಹಂಚಿನ ಬದಲು ಕಿತ್ತಿಟ್ಟ ಇಂಟರ್‌ಲಾಕ್ ಬ್ಲಾಕುಗಳನ್ನು ಎರಡು ಸಾಲು, ಆರು ಇಂಚು ಹೂತು ಕಟ್ಟಿದೆವು. ಹಂಚು ಅದರ ಹೊರಮೈಗೆ ಬರೀ ಚೆಂದಕ್ಕೆ. ಇಳಿಜಾರಿಗೆ ಅಡ್ಡಲಾಗಿ ಬೊಂಡದ (ಎಳನೀರಿನ) ಚಿಪ್ಪಿನ ಸಾಲು, ಬೊಂಡ ಮಾರುವವರು ಧರ್ಮಕ್ಕೆ ಕೊಟ್ಟರು. ಅದರಲ್ಲೂ ಎಡವಟ್ಟು. ಬಾಯಿ ಮೇಲಾಗಿ ಇಟ್ಟ ಚಿಪ್ಪಿನಲ್ಲಿ ನೀರು ನಿಂತು ಸೊಳ್ಳೆ ಮರಿ. ಮಲೇರಿಯಾ ತಪಾಸಣೆಗೆ ಬರುವ ಹುಡುಗಿ ಟಾರ್ಚು ಬಿಟ್ಟು ತೋರಿಸಿ, "ಅಂಕಲ್, ನೀವು ಹೂ ಬೆಳೆಸುವುದಾ, ಡೆಂಗಿ ಬೆಳೆಸುವುದಾ?" ಎಂದಳು. ಎಲ್ಲವನ್ನೂ ಎರಡು ಹೋಳು ಮಾಡಿ ಕವುಚಿ ಹಾಕಿದೆವು.

15 ಜೂನ್: ಎರಡನೇ ಬಿತ್ತನೆ, ಬಸವನಹುಳು

ಗೌರಿ ಹೂವನ್ನು ಏರಿಯ ಮೇಲೆ ಮತ್ತೆ ಬಿತ್ತಿದೆವು, ಬೀಜದ ಮೇಲೆ ತೆಳ್ಳಗೆ ಸೋಗೆ. ಐದೇ ದಿನದಲ್ಲಿ ಮೊಳಕೆ. ಹತ್ತನೇ ದಿನ ಬೆಳಿಗ್ಗೆ ನೋಡಿದರೆ ಒಂದು ಸಾಲು ಮಾಯ. ರಾತ್ರಿ ಟಾರ್ಚು ಹಿಡಿದು ಹೋದೆ. ಮುಷ್ಟಿ ಗಾತ್ರದ ಬಸವನಹುಳುಗಳು ಪಾಗಾರ ಇಳಿದು ಬರುತ್ತಿದ್ದವು, ಮಳೆ ನಿಂತ ಹೊತ್ತಿನಲ್ಲಿ ಕಿವಿಗೊಟ್ಟರೆ ತಿನ್ನುವ ಸದ್ದು ಸಣ್ಣಗೆ ಕೇಳುತ್ತದೆ.

ಯಾರೋ ಕಲ್ಲುಪ್ಪು ಸುರಿಯಿರಿ ಎಂದರು, ಸುರಿದೆ. ಹುಳು ಸತ್ತವು. ಮಳೆಗೆ ಉಪ್ಪು ಕರಗಿ ಇಳಿದು ಅದು ತಾಗಿದ ಕಡೆಯ ಸಸಿಗಳೂ ಸತ್ತವು. ಮಣ್ಣಿಗೆ ಉಪ್ಪು ಹಾಕಬೇಡಿ, ದಯವಿಟ್ಟು. ಸರಿಯಾದ ಉಪಾಯ ಕೊನೆಗೆ ಹೆಂಡತಿಯ ತವರಿನಿಂದ ಬಂತು: ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಡುವುದು, ಬೆಳಿಗ್ಗೆ ಗೋಣಿ ಎತ್ತಿ ಅಡಿಯಲ್ಲಿ ಸೇರಿದ್ದನ್ನು ಕೋಲಿನಿಂದ ಬಕೆಟಿಗೆ ಹಾಕುವುದು. ಉಪ್ಪು ನೀರು ಬಕೆಟಿನಲ್ಲಿ ಮಾತ್ರ. ಮಕ್ಕಳಿಗೆ ಕೈಗವಸು ಕೊಟ್ಟು, ಹತ್ತು ಹುಳಕ್ಕೆ ಒಂದು ಚಾಕಲೇಟು ಎಂದೆ. ಮೊದಲ ದಿನ 212. ಚಾಕಲೇಟಿನ ಖರ್ಚು ಮಂಡಳಿಯ ಲೆಕ್ಕಕ್ಕೆ ತೋರಿಸಿಲ್ಲ.

ಜುಲೈ: ಬೆಂಚು ಮತ್ತು ಅಗುಳಿ

ತೋಟದ ಒಳಗೆ, ಗ್ರೊಟ್ಟೊಕ್ಕೆ (ಮಾತೆಯ ಮೂರ್ತಿ ಇಡುವ ಗುಹೆಯಂಥ ಗುಡಿ) ಮುಖ ಮಾಡಿ ಒಂದು ಸ್ಟೀಲ್ ಬೆಂಚು ಹಾಕಿದ್ದೆವು. ಒಬ್ಬರು ದಾನ ಕೊಟ್ಟದ್ದು, ಹೆಸರಿನ ಫಲಕ ಸಮೇತ. ಎರಡು ತಿಂಗಳಲ್ಲಿ ಅದರ ಮೇಲೆ ಕೂತದ್ದು ಬೆಕ್ಕು ಮಾತ್ರ. ಜನ ನಿಲ್ಲುವುದು ಎಲ್ಲಿ? ಗೇಟಿನ ಹೊರಗೆ, ಬಸ್ಸಿಗೆ. ಬಿಸಿಲಾದರೂ ಮಳೆಯಾದರೂ ನಮ್ಮ ಪಾಗಾರಕ್ಕೆ ಒರಗಿ ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ.

ಒಂದು ದಿನ ನಾನು ವಾಲ್ವ್ ತಿರುಗಿಸುತ್ತಿದ್ದಾಗ ಮೀನು ಮಾರುವ ಅಕ್ಕ ಬುಟ್ಟಿ ತಲೆಯ ಮೇಲೆಯೇ ಇಟ್ಟುಕೊಂಡು, ಸರಳಿನ ಸಂದಿಯಿಂದ, "ಪೊರ್ಬುಲೇ, ಒಳಗೆ ಬರಬಹುದಾ?" ಎಂದು ತುಳುವಿನಲ್ಲಿ ಕೇಳಿದರು. ಬನ್ನಿ ಎಂದೆ. ಬರಲು ನೋಡಿದರೆ ಸಣ್ಣ ಗೇಟಿಗೆ ಒಳಗಡೆಯಿಂದ ಅಗುಳಿ. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಹಾಕುವುದು ವರ್ಷಗಳ ಅಭ್ಯಾಸ, ದನ ಬರಬಾರದೆಂದು. ದನ ಕಾಣದೆ ಎಷ್ಟು ವರ್ಷವಾಯಿತೋ. ಆರು ತಿಂಗಳಿಂದ ಕಲ್ಲು ಒಡೆಯುತ್ತಿದ್ದೆವು, ಸ್ವಾಗತ ಸ್ವಾಗತ ಎನ್ನುತ್ತಿದ್ದೆವು, ಅಗುಳಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದೇ ದಿನ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದೆ. ಖರ್ಚು ಸೊನ್ನೆ.

ಆಮೇಲೆ ಗೇಟಿನ ಪಕ್ಕದಲ್ಲೇ, ರಸ್ತೆ ಕಾಣುವ ಹಾಗೆ, ನೆರಳಿನಲ್ಲಿ ಕೆಂಪುಕಲ್ಲಿನ ಕಟ್ಟೆ ಕಟ್ಟಿಸಿದೆವು. 35 ಕಲ್ಲು, 55ರ ಹಾಗೆ. ಜಿಲ್ಲೆಯಲ್ಲೇ ಕಲ್ಲಿಗೆ ಅಭಾವ ಇದ್ದ ಸಮಯ, ಮನೆ ಕಟ್ಟಿ ಮುಗಿಸಿದ ಒಬ್ಬರ ಅಂಗಳದಿಂದ ತಂದದ್ದು. ಮೇಸ್ತ್ರಿಗೆ ಎರಡು ದಿನ, ದಿನಕ್ಕೆ 1,200. ಸಿಮೆಂಟು ಆರು ಚೀಲ, 400ರಂತೆ. ಮೊದಲು 15 ಇಂಚು ಎತ್ತರ ಮಾಡಿದ್ದೆವು, ಕೂತ ಅಜ್ಜಿಯರಿಗೆ ಏಳಲು ಆಗುತ್ತಿರಲಿಲ್ಲ. ಮೂರು ಇಂಚು ಏರಿಸಿ, ಬದಿಯಲ್ಲಿ ಹಿಡಿಯಲು ಜಿಐ ಪೈಪಿನ ಕೈ ಹಾಕಿದೆ. ಮೀನಿನ ಬುಟ್ಟಿ ಇಡಲು ಹೊರಗಡೆ ಒಂದು ಹಾಸುಕಲ್ಲು, ಪಕ್ಕದಲ್ಲಿ ನಳ್ಳಿ. ಪೂಜೆಯ ಹೊತ್ತಿಗೆ ಮೀನಿನ ವಾಸನೆ ಎಂದು ದೂರು ಬಂದಿತ್ತು, ಹಾಸುಕಲ್ಲು ಆದ ಮೇಲೆ ನಿಂತಿತು. ಬೆಕ್ಕೂ ಜಾಗ ಬದಲಾಯಿಸಿತು.

ಗೇಟಿನ ಮೆಟ್ಟಿಲು ಐದು ಇಂಚು. ರ‍್ಯಾಂಪನ್ನು ಮೊದಲು ಎರಡೂವರೆ ಅಡಿಯಲ್ಲಿ ಮುಗಿಸಿದ್ದೆ, ಪಾಚಿ ಹಿಡಿದು ನಾನೇ ಜಾರಿ ಬಿದ್ದೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ಒಡೆದು ಐದು ಅಡಿ ಮಾಡಿ, ಮೇಲೆ ಅಡ್ಡ ಗೀರು ಎಳೆದೆ. ಈಗ ವಾಕರ್ ಹಿಡಿದವರೂ ಒಬ್ಬರೇ ಹತ್ತುತ್ತಾರೆ.

ಆಗಸ್ಟ್: 650 ರೂಪಾಯಿಯ ಬೋರ್ಡು

ಆಗಸ್ಟ್ ಮೊದಲ ವಾರ ರಥಪುಷ್ಪ ಎದ್ದು ನಿಂತಿತು, ಹಿಂದೆಯೇ ಗೌರಿ ಹೂ. ಜೊತೆಗೆ ದೂರೂ ಶುರು. ಬೆಳಿಗ್ಗೆ ಐದೂಮುಕ್ಕಾಲಿಗೆ ಹಿಂದಿನ ಓಣಿಯ ಅಮ್ಮ ಒಬ್ಬರು ಬಂದು ದೇವರ ಪೂಜೆಗೆ ಕೇಪಳ, ದಾಸವಾಳ ಕೊಯ್ದುಕೊಂಡು ಹೋಗುತ್ತಾರೆ ಎಂದು. "ಮೊಂತಿಗೆ ಏನು ಉಳಿಯುತ್ತದೆ?" ಎಂದು ಮಂಡಳಿಯಲ್ಲಿ ಗಲಾಟೆ. ನಾನೂ ಅದೇ ಪಕ್ಷ. "ಹೂ ಕೊಯ್ಯಬಾರದು" ಎಂದು ಬೋರ್ಡು ಬರೆಸಿ ನಿಲ್ಲಿಸಿದೆ, 650 ರೂಪಾಯಿ.

ಮರುದಿನದಿಂದ ಅವರು ಬರಲಿಲ್ಲ. ಕಟ್ಟೆಯ ಮೇಲೂ ಜನ ಕಡಿಮೆ ಆದ ಹಾಗೆ ಕಂಡಿತು. ಹತ್ತು ದಿನದಲ್ಲಿ ಗೌರಿ ಹೂವಿನ ಗಿಡದಲ್ಲಿ ಹೂವಿಗಿಂತ ಬೀಜದ ಕಾಯಿ ಜಾಸ್ತಿ, ಮೊಗ್ಗು ಕಡಿಮೆ. ಹೆಂಡತಿ ಹೇಳಿದಳು, ಕೊಯ್ಯದಿದ್ದರೆ ಗಿಡ ಬೀಜ ಮಾಡಿ ಕೂರುತ್ತದೆ, ಕೊಯ್ದಷ್ಟೂ ಬಿಡುತ್ತದೆ ಎಂದು. ಫಾದರ್ ಬೋರ್ಡಿನ ಮುಂದೆ ನಿಂತು, "ನೀವು ಸಣ್ಣವರಿದ್ದಾಗ ಯಾರ ಬೇಲಿಯಿಂದ ಹೂ ತರುತ್ತಿದ್ದಿರಿ?" ಎಂದು ಮಾತ್ರ ಕೇಳಿದರು.

ಬೋರ್ಡು ಕಿತ್ತು ತಿರುಗಿಸಿ, ಹಿಂದುಗಡೆ ನಾನೇ ಬ್ರಷ್ಷಿನಲ್ಲಿ ಬರೆದೆ: "ಬೇಕಾದವರು ಹೂ ಕೊಯ್ಯಬಹುದು. ಮೊಗ್ಗು ಬಿಡಿ." ಅಕ್ಷರ ಸ್ವಲ್ಪ ವಾರೆ. ಹಿಂದಿನ ಓಣಿಯ ಮನೆಗೆ ಹೆಂಡತಿಯೇ ಹೋಗಿ ಹೇಳಿ ಬಂದಳು, ಅವರು ಮೂರು ದಿನ ಬಿಟ್ಟು ಬಂದರು. ಬರುವಾಗ ತಮ್ಮ ಅಂಗಳದ ಬಿಳಿ ರಥಪುಷ್ಪದ ಒಂದು ಗಿಡವನ್ನು ಬೇರು ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. "ಆಗಸ್ಟ್ 30ರಿಂದ ಒಂಬತ್ತು ದಿನ ನಾನು ಕೊಯ್ಯುವುದಿಲ್ಲ, ಮಕ್ಕಳಿಗೆ ಇರಲಿ" ಎಂದರು. ತಾರೀಕು ಅವರಿಗೆ ಗೊತ್ತಿತ್ತು.

30 ಆಗಸ್ಟ್‌ನಿಂದ 8 ಸೆಪ್ಟೆಂಬರ್

ಮಕ್ಕಳಿಗೆ ವಾಳೆವಾರು ಸರದಿ ಹಾಕಿದೆವು, ದಿನಕ್ಕೆ ಎರಡು ವಾಳೆ. ಮೂರನೇ ದಿನಕ್ಕೆ ಸರದಿ ಮುರಿದು ಎಲ್ಲರೂ ಬಂದರು. ಐದನೇ ದಿನಕ್ಕೆ ಹೂ ಸಾಲಲಿಲ್ಲ, ಕೆಲವರು ಮತ್ತೆ ಸೇವಂತಿಗೆ ಪ್ಯಾಕೆಟು ತಂದರು. 480 ಚದರ ಅಡಿಯಲ್ಲಿ ಒಂದಿಡೀ ಇಗರ್ಜಿಯ ಮಕ್ಕಳಿಗೆ ಒಂಬತ್ತು ದಿನದ ಹೂ ಆಗುವುದಿಲ್ಲ, ನನ್ನ ಲೆಕ್ಕ ತಪ್ಪಿತ್ತು. ಎಲ್ಲ ಬೀಜ ಒಂದೇ ದಿನ ಬಿತ್ತಿದ್ದೂ ತಪ್ಪು. ಮುಂದಿನ ಸಲ ಹತ್ತು ಹತ್ತು ದಿನ ಬಿಟ್ಟು ಮೂರು ಕಂತು. ಪ್ಲಾಸ್ಟಿಕ್ ಗುಲಾಬಿಯ ಹುಡುಗ ದಿನಾ ಬಂದ. ಶಂಖಪುಷ್ಪ ಅವನದೇ ಎಂಬ ಹಾಗೆ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ.

8ನೇ ತಾರೀಕು ಸೋಮವಾರ ತೆನೆ, ಕಬ್ಬು ಎಲ್ಲ ಹಂಚಿ ಮುಗಿದ ಮೇಲೆ ಮಂಡಳಿಗೆ ಕೊಡಲು ತೋಟದ ಫೋಟೋ ತೆಗೆಯಲು ಹೋದೆ. ಗಿಡದಲ್ಲಿ ಒಂದು ಹೂ ಇರಲಿಲ್ಲ. ಎಲೆಯ ಫೋಟೋ ತೆಗೆದು ಕೊಟ್ಟೆ.

ಒಟ್ಟು ಖರ್ಚು 43,765. ಮಂಜೂರಾದದ್ದು 25,000, ಉಳಿದದ್ದು ವಾಳೆಯವರ ಕೈಯಿಂದ, ಸ್ವಲ್ಪ ನನ್ನ ಕಿಸೆಯಿಂದ. ಗಿಡಗಳಿಗೆ ಒಟ್ಟು 3,140, ಉಳಿದ ಲೆಕ್ಕ ಮೇಲೆಯೇ ಇದೆ. ಇದರಲ್ಲಿ ಶುದ್ಧ ದಂಡ: ಡ್ರಿಪ್ 2,900, ಗಾಜಿನ ಮಣ್ಣು 2,800, ಗೊಂಡೆ 720. ಬೋರ್ಡಿನ 650ನ್ನು ಅರ್ಧ ಮಾತ್ರ ದಂಡಕ್ಕೆ ಬರೆದಿದ್ದೇನೆ, ಒಂದು ಬದಿ ಉಪಯೋಗಕ್ಕೆ ಬಂತಲ್ಲ.

ಬಾಕಿ ಇರುವುದು: ಸ್ಯಾಕ್ರಿಸ್ಟಿಯ (ಪೂಜೆಯ ಸಾಮಾನು ಇಡುವ ಕೋಣೆ) ಮಾಡಿನ ನೀರನ್ನು ಬಾವಿಗೆ ಇಳಿಸುವ ಕೆಲಸ. ಮಾಡು 540 ಚದರ ಅಡಿ, ಅಂದರೆ 50 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 1,000 ಲೀಟರ್. ಒಬ್ಬರು ಹಳೆಯ ಸಾವಿರ ಲೀಟರಿನ ಟ್ಯಾಂಕು ಕೊಟ್ಟಿದ್ದಾರೆ. ಮಂಗಳೂರಿನ ಮಳೆಗೆ ಅದು ಅರ್ಧ ಗಂಟೆಯಲ್ಲಿ ತುಂಬುತ್ತದೆ, ಮಾರ್ಚ್‌ಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಟ್ಯಾಂಕಿನೊಳಗೆ ಜಲ್ಲಿ, ಇದ್ದಿಲು, ಮರಳು ತುಂಬಿ ಫಿಲ್ಟರ್ ಮಾಡುವ ಯೋಚನೆ. ನವೆಂಬರಿನಲ್ಲಿ ಶುರು ಮಾಡಬೇಕು. ಆ ಐದನೆಯ ಕಾರಿನವರು ಈಗ ರಿಕ್ಷಾದಲ್ಲಿ ಬರುತ್ತಾರೆ, ಇಳಿದು ಮೊದಲು ಕಟ್ಟೆಯ ಮೇಲೆ ಕೂರುತ್ತಾರೆ. ನನ್ನ ಜೊತೆ ಮಾತು ಮಾತ್ರ ಇನ್ನೂ ಶುರುವಾಗಿಲ್ಲ.